ತಿಂಗಳ ಪಾಸ್ ಬಿಟ್ಟೆ, ಇಪ್ಪತ್ತರ ಕಾರ್ಡ್ ಹಿಡಿದೆ

ನಮ್ಮ ಎರಡು ಟೌನ್ ಬಸ್ಸಿನ ಹೋದ ತಿಂಗಳ ಕಾರ್ಡ್ ಲೆಕ್ಕ ಹಾಕಿದೆ. ಮುಂಗಡ ದುಡ್ಡು ಕೊಟ್ಟು ತಗೊಂಡರೆ ಇಪ್ಪತ್ತು ಸಲ ಹತ್ತಬಹುದಾದ ಕಾರ್ಡ್ ಇದು. 430ರ ಆಸುಪಾಸು ಮಾರಾಟವಾಗಿದೆ. 2020ರ ಕೊನೆಯಲ್ಲಿ ಇದೇ ಕಾರ್ಡ್ ಅಚ್ಚು ಹಾಕಿಸಿದಾಗ ಚಿಕ್ಕಮಗಳೂರಿನಲ್ಲಿ ನನಗೆ ಗೊತ್ತಿರುವ ಬಸ್ ಮಾಲೀಕರು ಒಬ್ಬರೂ ಒಪ್ಪಿರಲಿಲ್ಲ. "ಟೌನ್ ಬಸ್ಸಿಗೆ ಯಾರು ಮುಂಗಡ ದುಡ್ಡು ಕೊಡ್ತಾರೆ ಮಾರಾಯ? ಇರೋ ಕಲೆಕ್ಷನ್ನೂ ಹೋಗುತ್ತೆ ನೋಡು" ಎಂದಿದ್ದರು ನಮ್ಮಲ್ಲೇ ಹಿರಿಯರೊಬ್ಬರು. ಈಚೆಗೆ ಅವರೇ ಫೋನ್ ಮಾಡಿ, ಕಾರ್ಡ್ ಎಲ್ಲಿ ಅಚ್ಚು ಹಾಕಿಸಿದೆ ಎಂದು ಕೇಳಿದರು. ಅದಕ್ಕೇ ಬರೆಯಲು ಕೂತಿದ್ದೇನೆ.

ಆಗ ನನ್ನದು ಮೂರು ಬಸ್. ಎರಡು ಟೌನ್ ಒಳಗೆ ಸುತ್ತುತ್ತಿದ್ದವು, ಇನ್ನೊಂದು ವಸ್ತಾರೆ ಮೇಲೆ ಆಲ್ದೂರಿಗೆ ಹೋಗುತ್ತಿತ್ತು. ಟೌನ್ ಬಸ್ಸಿನ ಅನ್ನ ಇದ್ದದ್ದು ಬೆಳಗ್ಗೆ ಎಂಟರಿಂದ ಹತ್ತು, ಸಂಜೆ ನಾಲ್ಕರಿಂದ ಆರೂವರೆ. ಕಾಲೇಜು ಮಕ್ಕಳು, ಡಿಸಿ ಆಫೀಸಿನವರು, ಬ್ಯಾಂಕಿನವರು, ಐಜಿ ರೋಡ್ ಬಟ್ಟೆ ಅಂಗಡಿಯ ಹುಡುಗಿಯರು. ಮಧ್ಯಾಹ್ನ ಖಾಲಿ ಓಡಿದರೂ ಆ ನಾಲ್ಕೂವರೆ ಗಂಟೆ ಎಲ್ಲವನ್ನೂ ತುಂಬಿಕೊಡುತ್ತಿತ್ತು. ಒಂದು ಬಸ್ಸಿಗೆ ದಿನಕ್ಕೆ ಎಂಟು, ಎಂಟೂವರೆ ಸಾವಿರ ಬರುತ್ತಿತ್ತು. ಕಂತು ಕಟ್ಟಿ ಮನೆಯೂ ನಡೆಯುತ್ತಿತ್ತು.

2020ರ ಮಾರ್ಚ್ 22 ಭಾನುವಾರ ಜನತಾ ಕರ್ಫ್ಯೂ. 25ರಿಂದ ಲಾಕ್‌ಡೌನ್. ಮೂರೂ ಬಸ್ ಶೆಡ್ಡಿಗೆ ಹೋದವು. ನಿಂತ ಬಸ್ಸಿಗೆ ಖರ್ಚಿಲ್ಲ ಅಂದುಕೊಂಡಿದ್ದು ನನ್ನ ಮೊದಲ ತಪ್ಪು. ಇಲಿ ವೈರಿಂಗ್ ಕಡಿದು ಹನ್ನೊಂದು ಸಾವಿರ ಹೋಯಿತು. ಎರಡು ಬ್ಯಾಟರಿ ಸತ್ತವು. ಒಂದೇ ಜಾಗದಲ್ಲಿ ಭಾರ ಬಿದ್ದು ಎರಡು ಟೈರ್ ಸೈಡ್‌ವಾಲ್ ಸೀಳಿತು. ಹತ್ತು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ನಾಲ್ಕು ಅಡಿ ಮುಂದೆ, ನಾಲ್ಕು ಅಡಿ ಹಿಂದೆ ಸರಿಸಿದ್ದರೆ ಇಷ್ಟೂ ಉಳಿಯುತ್ತಿತ್ತು. ರಿಸರ್ವ್ ಬ್ಯಾಂಕ್ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು, ನಿಜ. ಆದರೆ ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ. ನನ್ನ ಲೆಕ್ಕದಲ್ಲಿ ಅದೇ ಅರವತ್ತು ಸಾವಿರ ದಾಟಿತು.

ಮೇ 19ರಿಂದ ಸರ್ಕಾರಿ ಬಸ್ಸು ಮೂವತ್ತು ಜನರ ಲೆಕ್ಕದಲ್ಲಿ ರಸ್ತೆಗೆ ಇಳಿದಿತ್ತು. ನಾನು ಜೂನ್ ಮೊದಲ ವಾರ ಒಂದು ಬಸ್ ತೆಗೆದೆ. ಮೊದಲ ದಿನದ ಕಲೆಕ್ಷನ್ 740 ರೂಪಾಯಿ. ಡೀಸೆಲ್‌ಗೇ ಎರಡು ಸಾವಿರದ ನಾನೂರು ಸುರಿದಿದ್ದೆ. ಹದಿನೈದು ದಿನ ಓಡಿಸಿ ಮತ್ತೆ ನಿಲ್ಲಿಸಿದೆ. ಆ ರಾತ್ರಿ ಡ್ರೈವರ್ ಕೀ ಕೊಡುವಾಗ "ಸಾವ್ಕಾರ್ರೇ, ಬತ್ತಾ ಬೇಡ, ಬಸ್ ಮಾತ್ರ ಮಾರಬೇಡಿ" ಅಂದರು. ಹದಿನಾಲ್ಕು ವರ್ಷ ನನ್ನ ಜೊತೆ ಇದ್ದವರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಸೆಪ್ಟೆಂಬರ್‌ನಲ್ಲಿ ಮತ್ತೆ ಶುರು ಮಾಡಿದೆ. ಈ ಸಲ ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಿದೆ: ಟ್ರಿಪ್ ಕಡಿಮೆ ಮಾಡಿದೆ. ದಿನಕ್ಕೆ ಹದಿಮೂರು ಸುತ್ತು ಇದ್ದದ್ದನ್ನು ಆರಕ್ಕೆ ಇಳಿಸಿದೆ. ಡೀಸೆಲ್ ಅರ್ಧ ಉಳಿಯಿತು, ಕಲೆಕ್ಷನ್ ಮಾತ್ರ ಕಾಲು ಭಾಗಕ್ಕೆ ಬಂತು. ಬಸ್ ಯಾವಾಗ ಬರುತ್ತದೋ ಗೊತ್ತಿಲ್ಲದಿದ್ದರೆ ಜನ ಸ್ಟಾಪಿಗೇ ಬರುವುದಿಲ್ಲ. ಸ್ಕೂಟಿ ಇದ್ದವರು ಸ್ಕೂಟಿ ತೆಗೆದರು, ಇಲ್ಲದವರು ಮೂರು ಜನ ಸೇರಿ ಆಟೋ ಹಿಡಿದರು. ಆಮೇಲೆ ತಿಂಗಳ ಪಾಸಿಗೆ ನೂರು ರೂಪಾಯಿ ರಿಯಾಯಿತಿ ಬಿಟ್ಟೆ. ಇಡೀ ಅಕ್ಟೋಬರ್‌ನಲ್ಲಿ ಹೋದದ್ದು ಹನ್ನೊಂದು ಪಾಸ್.

ಆಗ ನನ್ನ ಸೋದರಳಿಯ ಬೆಂಗಳೂರಿನಿಂದ ಊರಿಗೆ ಬಂದು ಕೂತಿದ್ದ. ಐಟಿ ಕೆಲಸ, ಮನೆಯಿಂದಲೇ. ಅವನು ದಿನಾ ಹತ್ತುತ್ತಿದ್ದ ವಜ್ರ ಎಸಿ ಬಸ್ಸುಗಳು ಡಿಪೋದಲ್ಲೇ ನಿಂತಿವೆ ಎಂದ. "ಮಾವ, ಕೊರೋನ ಹೋದ್ರೂ ನಮ್ಮನ್ನ ವಾರಕ್ಕೆ ಐದು ದಿನ ಕರೆಯಲ್ಲ. ಎರಡೋ ಮೂರೋ ದಿನ ಅಷ್ಟೆ. ಮೂವತ್ತು ದಿನದ ಪಾಸ್ ತಗೊಂಡು ನಾನೇನು ಮಾಡ್ಲಿ?" ಎಂದ. ಬೆಂಗಳೂರಿನ ಮಾತು ನಮ್ಮೂರಿಗೆ ಯಾಕೆ ಅನ್ನಿಸಿತು ಮೊದಲು. ಆದರೂ ತಲೆಯಲ್ಲಿ ಉಳಿಯಿತು.

ಮರುದಿನದಿಂದ ಹನ್ನೆರಡು ದಿನ ನಾನೇ ಬಸ್ಸಿನಲ್ಲಿ ಕೂತೆ. ಹಿಂದಿನ ಬಾಗಿಲ ಪಕ್ಕದ ಸೀಟು, ಕೈಯಲ್ಲಿ ನೋಟ್‌ಬುಕ್. ಯಾರು ಹತ್ತಿದರು, ಎಲ್ಲಿ ಇಳಿದರು, ನಿನ್ನೆ ಬಂದಿದ್ದರಾ ಎಂದು ಬರೆದುಕೊಂಡೆ. ಟಿಕೆಟ್ ಮಷಿನ್‌ನಲ್ಲಿ ಇದು ಸಿಗುವುದಿಲ್ಲ. ಮಷಿನ್ ತಲೆ ಎಣಿಸುತ್ತದೆ, ಮುಖ ನೋಡುವುದಿಲ್ಲ. ಜನ ಎಲ್ಲೂ ಓಡಿಹೋಗಿರಲಿಲ್ಲ. ಮುಖಗಳು ಹೆಚ್ಚುಕಡಿಮೆ ಹಳೆಯವೇ. ದಿನಾ ಬರುತ್ತಿರಲಿಲ್ಲ ಅಷ್ಟೆ. ಆಫೀಸಿನವರು ಸರದಿ ಮೇಲೆ ಬರುತ್ತಿದ್ದರು. ಬಟ್ಟೆ ಅಂಗಡಿಯಲ್ಲಿ ಎರಡು ಬ್ಯಾಚ್ ಮಾಡಿದ್ದರು. ಮಕ್ಕಳಿಗೆ ಆನ್‌ಲೈನ್ ಕ್ಲಾಸು, ಪ್ರಾಕ್ಟಿಕಲ್ ಅಥವಾ ಫೀಸ್ ಕಟ್ಟುವ ದಿನ ಮಾತ್ರ ಕಾಲೇಜು. ಜಾಸ್ತಿ ಜನ ಹತ್ತುತ್ತಿದ್ದದ್ದು ಹತ್ತೂವರೆಯಿಂದ ಒಂದು ಗಂಟೆಯ ನಡುವೆ. ಆಸ್ಪತ್ರೆ, ಮೆಡಿಕಲ್, ತರಕಾರಿ, ಬ್ಯಾಂಕ್. ನಾನೋ ಆ ಹೊತ್ತಿನ ಸುತ್ತನ್ನೇ ಕತ್ತರಿಸಿ ಕೂತಿದ್ದೆ!

ಅಲ್ಲಿಂದ ಮೂರು ಕೆಲಸ ಒಟ್ಟಿಗೆ ಹಿಡಿದೆ.

ಒಂದು, ಗಡಿಯಾರ. ಒಂದು ಬಸ್ ಪ್ರತಿ ಗಂಟೆ ಹತ್ತು ನಿಮಿಷಕ್ಕೆ, ಇನ್ನೊಂದು ನಲವತ್ತು ನಿಮಿಷಕ್ಕೆ ಸ್ಟ್ಯಾಂಡ್ ಬಿಡಬೇಕು. ಬೆಳಗ್ಗೆ ಏಳರಿಂದ ಸಂಜೆ ಏಳೂವರೆವರೆಗೆ. ಬಸ್ಸಿನಲ್ಲಿ ಇಬ್ಬರೇ ಇದ್ದರೂ ಹೊರಡಬೇಕು. "ಇನ್ನೆರಡು ನಿಮಿಷ ನಿಲ್ಸಿ, ನಾಲ್ಕು ಜನ ಬರ್ತಾರೆ" ಎಂಬ ನಮ್ಮ ಹಳೆಯ ಚಾಳಿಯನ್ನು ಬಿಡಿಸಲು ನನಗೆ ಎರಡು ತಿಂಗಳು ಹಿಡಿಯಿತು. ಹೊಸ ಟೈಮಿಂಗ್ಸ್ ಅರ್ಜಿ, ಪಕ್ಕದ ಬಸ್ಸಿನವರ ತಕರಾರು, ಇದೆಲ್ಲ ಬಸ್ ಓಡಿಸುವವರಿಗೆ ಗೊತ್ತಿರುವುದೇ. ಪಕ್ಕದವರನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರಿಗೂ ನನಗೂ ಇರಲಿ.

ಎರಡು, ಸಣ್ಣ ಬಸ್. 48 ಸೀಟಿನ ಹಳೆಯದೊಂದನ್ನು ಮಾರಿದೆ. ಕೊರೋನಾಗೆ ಮೊದಲು ಏಳು ಲಕ್ಷ ಕೇಳಿದ್ದ ಬಸ್ಸು ನಾಲ್ಕು ಲಕ್ಷದ ಇಪ್ಪತ್ತು ಸಾವಿರಕ್ಕೆ ಹೋಯಿತು. 26 ಸೀಟಿನ ಸೆಕೆಂಡ್ ಹ್ಯಾಂಡ್ ಮಿನಿ ಬಸ್ ಐದೂವರೆ ಲಕ್ಷಕ್ಕೆ ತಂದೆ. ದೊಡ್ಡದು ಲೀಟರಿಗೆ ನಾಲ್ಕೂವರೆ ಕೊಡುತ್ತಿತ್ತು, ಇದು ಏಳು. 2021ರ ಅಕ್ಟೋಬರ್‌ನಲ್ಲಿ ಡೀಸೆಲ್ ನೂರರ ಗಡಿ ಮುಟ್ಟಿದಾಗ ಈ ಎರಡೂವರೆ ಕಿಲೋಮೀಟರ್ ನನ್ನನ್ನು ಉಳಿಸಿತು. ಮುಂದಿನ ವರ್ಷ ಇನ್ನೊಂದನ್ನೂ ಹಾಗೇ ಬದಲಿಸಿದೆ.

ಮೂರನೆಯದೇ ಕಾರ್ಡ್. ಇಪ್ಪತ್ತು ಸಲ ಹತ್ತಬಹುದು, ಹದಿನೇಳರ ದುಡ್ಡು. ಆಗ ಟೌನ್ ಒಳಗೆ ಹತ್ತು ರೂಪಾಯಿ ಟಿಕೆಟ್, ಹಾಗಾಗಿ ಕಾರ್ಡ್ 170. ಈಗ 220. ಮೊದಲ ಕಾರ್ಡಿನಲ್ಲಿ ಮೂವತ್ತು ದಿನದ ಗಡುವು ಹಾಕಿದ್ದೆ. ಅದೇ ತಪ್ಪಾಯಿತು. ವಾರಕ್ಕೆ ಎರಡು ದಿನ ಬರುವವನಿಗೆ ಇಪ್ಪತ್ತು ಮುಗಿಯಲು ಐದು ವಾರ ಬೇಕು. ಗಡುವು ದಾಟಿದವರೆಲ್ಲ ಕಂಡಕ್ಟರ್ ಜೊತೆ ಜಗಳಕ್ಕೆ ನಿಂತರು. ಅರವತ್ತು ದಿನ ಮಾಡಿದೆ. ಜಗಳ ಕಡಿಮೆಯಾಯಿತು, ನಿಲ್ಲಲಿಲ್ಲ. 2021ರ ಫೆಬ್ರವರಿಯಲ್ಲಿ ಗಡುವನ್ನೇ ತೆಗೆದು ಹಾಕಿದೆ. ಆ ತಿಂಗಳು ಎಪ್ಪತ್ತು ಕಾರ್ಡ್ ಹೋಯಿತು.

ಕಾರ್ಡಿನದೇ ಒಂದು ರಾಮಾಯಣ ಇದೆ. ಮೊದಲನೆಯದು ತೆಳು ರಟ್ಟು. ಮಳೆಗೆ ನೆನೆದು ಮುದ್ದೆಯಾಯಿತು. ಮಲೆನಾಡಿನಲ್ಲಿ ಜೇಬಿನಲ್ಲಿರುವ ಕಾಗದ ಜೂನ್ ದಾಟುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಎರಡನೆಯದನ್ನು ಲ್ಯಾಮಿನೇಷನ್ ಮಾಡಿಸಿದೆ, ಪಂಚ್ ಹೊಡೆದ ತೂತಿನಿಂದ ನೀರು ಒಳಗೆ ಹೋಯಿತು. ಮಧ್ಯೆ ಯಾರೋ ಕಲರ್ ಜೆರಾಕ್ಸ್ ಮಾಡಿಸಿ ಒಂದೇ ನಂಬರಿನ ನಾಲ್ಕು ಕಾರ್ಡ್ ಓಡಿಸಿದರು. ಮೂರು ಸಾವಿರದಷ್ಟು ನಷ್ಟ. ಈಗ ಇರುವುದು ದಪ್ಪ ಪ್ಲಾಸ್ಟಿಕ್ ಹಾಳೆ, ಅಂಚಿನಲ್ಲಿ ಇಪ್ಪತ್ತು ಹಲ್ಲು. ಹತ್ತಿದಾಗಲೆಲ್ಲ ಕಂಡಕ್ಟರ್ ಕಟಿಂಗ್ ಪ್ಲೇಯರ್‌ನಲ್ಲಿ ಒಂದು ಹಲ್ಲು ಕತ್ತರಿಸುತ್ತಾರೆ. ಕತ್ತಲಲ್ಲೂ ಬೆರಳಲ್ಲಿ ಮುಟ್ಟಿದರೆ ಎಷ್ಟು ಉಳಿದಿದೆ ಗೊತ್ತಾಗುತ್ತದೆ. ನಕಲಿ ತಡೆಯಲು ಅದರ ಮೇಲೆ ಒಂದು ಗುರುತಿದೆ. ಎಲ್ಲಿ, ಏನು ಅಂತ ನಮ್ಮ ಕಂಡಕ್ಟರ್‌ಗಳಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಒಂದು ಕಾರ್ಡಿಗೆ ನನಗೆ ಬೀಳುವುದು ನಾಲ್ಕು ರೂಪಾಯಿ. ಮಾರಿದ ಕಂಡಕ್ಟರ್‌ಗೆ ಐದು ರೂಪಾಯಿ ಕಮಿಷನ್. ಈ ಐದು ರೂಪಾಯಿ ಕೊಡಲು ಹಿಂದೆಮುಂದೆ ನೋಡಿದರೆ ಕಾರ್ಡ್ ಚೀಲದಲ್ಲೇ ಉಳಿಯುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ.

ನಿಜವಾದ ಪರೀಕ್ಷೆ 2021ರ ಏಪ್ರಿಲ್‌ನಲ್ಲಿ. 7ನೇ ತಾರೀಕಿನಿಂದ ಸರ್ಕಾರಿ ಬಸ್ ನೌಕರರ ಮುಷ್ಕರ. ಎರಡು ವಾರ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ. ಸಿಕ್ಕಿದ್ದೇ ಸಮಯ ಎಂದು ಮುನ್ನೂರು ಕಾರ್ಡ್ ಮಾರಿದೆವು. ಮುಷ್ಕರ ಮುಗಿದು ಒಂದು ವಾರ ಆಗಲಿಲ್ಲ, 27ರಿಂದ ಮತ್ತೆ ಎಲ್ಲ ಬಂದ್. ಜನರ ಕೈಯಲ್ಲಿ ಸುಮಾರು ನಾಲ್ಕು ಸಾವಿರ ಸಲ ಹತ್ತುವಷ್ಟು ಹಲ್ಲು ಉಳಿದಿತ್ತು. ಅಂದರೆ ಮೂವತ್ತು ಮೂವತ್ತೈದು ಸಾವಿರ ರೂಪಾಯಿ. ಆ ದುಡ್ಡು ಆಗಲೇ ಬಸ್ಸಿನ ಟ್ಯಾಕ್ಸ್‌ಗೂ ಇನ್ಶೂರೆನ್ಸಿಗೂ ಹೋಗಿತ್ತು. "ಹಳೇ ಕಾರ್ಡ್ ನಡೆಯಲ್ಲ ಅಂತ ಬೋರ್ಡ್ ಹಾಕು, ಕೊರೋನ ಅಂದ್ರೆ ಯಾರೂ ಕೇಳಲ್ಲ" ಎಂದರು ಕೆಲವರು. ರಾತ್ರಿಯೆಲ್ಲ ಯೋಚಿಸಿದೆ. ಬೆಳಗ್ಗೆ ಎದ್ದು ಬೋರ್ಡ್ ಬರೆಸಿದೆ: ಹಳೆಯ ಎಲ್ಲ ಕಾರ್ಡ್ ನಡೆಯುತ್ತದೆ.

ಜುಲೈ ಎರಡನೇ ವಾರ ಬಸ್ ತೆಗೆದೆವು. ಕೋಟೆ ಕಡೆಯ ಒಬ್ಬ ಅಜ್ಜಿ ಹತ್ತಿ, ಸೆರಗಿನ ಗಂಟಿನಿಂದ ಕಾರ್ಡ್ ಬಿಚ್ಚಿ, "ಇದು ಸತ್ತೋಯ್ತಾ ಮಗಾ, ಇನ್ನೂ ಐತಾ?" ಎಂದು ಕೇಳಿದರಂತೆ. ಹದಿನಾಲ್ಕು ಹಲ್ಲು ಉಳಿದಿತ್ತು. ಕಂಡಕ್ಟರ್ ಒಂದು ಕತ್ತರಿಸಿ ವಾಪಸ್ ಕೊಟ್ಟರು. ಆ ಅಜ್ಜಿ ತಮ್ಮ ಬೀದಿಯಲ್ಲಿ ಇದನ್ನು ಎಷ್ಟು ಮನೆಗೆ ಹೇಳಿದರೋ ಏನೋ, ಆ ಸ್ಟಾಪಿನಲ್ಲೇ ತಿಂಗಳಿಗೆ ಇಪ್ಪತ್ತೈದು ಕಾರ್ಡ್ ಹೋಗಲು ಶುರುವಾಯಿತು. ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದರೆ ಇಷ್ಟು ಆಗುತ್ತಿರಲಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮಳೆಗಾಲದಲ್ಲಿ ವಸ್ತಾರೆ, ಆಲ್ದೂರು ಕಡೆ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ. ಮನೆಯಿಂದ ಕೆಲಸ ಮಾಡುವ ಹುಡುಗರು ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಬೆಳಗ್ಗೆ ಟೌನ್‌ಗೆ ಓಡಿ ಬರುತ್ತಿದ್ದರು. ಅವರಿಗಾಗಿ ಆಲ್ದೂರು ಬಸ್ಸಿನಲ್ಲಿ ಇನ್ವರ್ಟರ್, ಆರು ಪ್ಲಗ್, ಒಂದು ವೈಫೈ ಡಾಂಗಲ್ ಹಾಕಿಸಿದೆ. ಹದಿನಾರು ಸಾವಿರ ಖರ್ಚು. ಆ ತಿರುವುಗಳಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲೆ ನಿಲ್ಲುವುದಿಲ್ಲ, ಅರ್ಧ ದಾರಿ ಸಿಗ್ನಲ್ ಇಲ್ಲ. ಮೂರು ತಿಂಗಳಲ್ಲಿ ಬಿಚ್ಚಿಸಿದೆ. ಪ್ಲಗ್ ಎರಡು ಉಳಿಸಿದ್ದೇನೆ, ಫೋನ್ ಚಾರ್ಜಿಗೆ.

ಔಷಧಿ ಚೀಟಿ ಪ್ರಯೋಗ ಮಾತ್ರ ಗೆದ್ದಿತು. ಹಳ್ಳಿ ಸ್ಟಾಪಿನಲ್ಲಿ ವಯಸ್ಸಾದವರು ಡಾಕ್ಟರ್ ಚೀಟಿ, ದುಡ್ಡು ಕೊಡುತ್ತಾರೆ. ಕಂಡಕ್ಟರ್ ಟೌನ್‌ನಲ್ಲಿ ಮಾತ್ರೆ ತಂದು ವಾಪಸ್ ಟ್ರಿಪ್ಪಿನಲ್ಲಿ ಕೊಡುತ್ತಾರೆ. ಹತ್ತು ರೂಪಾಯಿ, ಅದು ಪೂರ್ತಿ ಕಂಡಕ್ಟರ್‌ಗೆ. ನನಗೆ ಏನೂ ಬರುವುದಿಲ್ಲ. ಆದರೆ ಈ ಕೆಲಸ ಶುರುವಾದ ಮೇಲೆ ಒಬ್ಬ ಕಂಡಕ್ಟರ್ ಕೂಡ ಬಿಟ್ಟು ಹೋಗಿಲ್ಲ.

ಇನ್ನೊಂದು ಪ್ರಯೋಗ, ಸೋಮವಾರ ರಾತ್ರಿಯ ಸುತ್ತು. ಮೊದಲೆಲ್ಲ ಬೆಂಗಳೂರಿಗೆ ಹೋಗುವವರ ನೂಕುನುಗ್ಗಲು ಭಾನುವಾರ ರಾತ್ರಿ ಇರುತ್ತಿತ್ತು. 2022ರಿಂದ ಗಮನಿಸಿದೆ, ಲ್ಯಾಪ್‌ಟಾಪ್ ಹುಡುಗರು ಸೋಮವಾರ ರಾತ್ರಿ ಬಸ್ ಹತ್ತಿ, ಮಂಗಳವಾರ, ಬುಧವಾರ, ಗುರುವಾರ ಆಫೀಸ್ ಮುಗಿಸಿ, ಶುಕ್ರವಾರ ಬೆಳಗಿನ ಜಾವ ಊರಲ್ಲಿ ಇಳಿಯುತ್ತಾರೆ. ಅವರಿಗಾಗಿ ಟೌನ್ ಬಸ್ಸಿಗೆ ಸೋಮವಾರ ರಾತ್ರಿ ಒಂಬತ್ತೂವರೆಗೆ ಒಂದು ಸುತ್ತು, ಶುಕ್ರವಾರ ಬೆಳಗ್ಗೆ ಐದಕ್ಕೆ ಒಂದು ಸುತ್ತು ಹಾಕಿದೆ. ಪರ್ಮಿಟ್ಟಿನಲ್ಲಿ ಸೇರಿಸಲು ಐದು ತಿಂಗಳು ಓಡಾಡಿದೆ. ಇವತ್ತು ಆ ಎರಡು ಸುತ್ತು ಒಂದೊಂದೂ ಏಳುನೂರು, ಎಂಟುನೂರು ಕೊಡುತ್ತವೆ. ಆ ಹುಡುಗರೆಲ್ಲರ ಜೇಬಿನಲ್ಲೂ ಕಾರ್ಡ್ ಇದೆ.

2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆ ಬಂತು. ಆಗ ಆಲ್ದೂರು ಬಸ್ಸಿಗೆ ದೊಡ್ಡ ಪೆಟ್ಟು ಬಿತ್ತು, ಮೂರನೇ ಒಂದು ಭಾಗ ಕಲೆಕ್ಷನ್ ಹೋಯಿತು. ಟೌನ್ ಬಸ್ಸಿಗೆ ಹೊಡೆತ ಕಡಿಮೆ. ಹತ್ತಕ್ಕೆ, ನಲವತ್ತಕ್ಕೆ ಬಸ್ ಇದ್ದೇ ಇರುತ್ತದೆ ಎಂಬ ಭರವಸೆಗೆ ಹೆಂಗಸರು ಇವತ್ತಿಗೂ ದುಡ್ಡು ಕೊಟ್ಟು ಹತ್ತುತ್ತಾರೆ. ಅದು ನನಗೆ ದೊಡ್ಡ ಹೆಮ್ಮೆ.

ಈಗಿನ ಲೆಕ್ಕ ಅಂದಾಜಿಗೆ ಹೇಳುತ್ತೇನೆ. ಒಂದು ಮಿನಿ ಬಸ್ಸಿಗೆ ದಿನಕ್ಕೆ ಕಾರ್ಡೂ ಸೇರಿ ಐದೂಮುಕ್ಕಾಲು ಸಾವಿರ. ಡೀಸೆಲ್ ಎರಡು ಸಾವಿರದ ಮುನ್ನೂರು, ಡ್ರೈವರ್ ಕಂಡಕ್ಟರ್ ಸಾವಿರದ ಐನೂರು, ಟ್ಯಾಕ್ಸ್ ಇನ್ಶೂರೆನ್ಸ್ ನಾನೂರೈವತ್ತು. ಟೈರು, ರಿಪೇರಿ ಬಿಟ್ಟು ಕೈಗೆ ಸಾವಿರ ಉಳಿಯುತ್ತದೆ. 2019ರಷ್ಟು ಇಲ್ಲ. ಆದರೆ ತಿಂಗಳ ಮೊದಲ ವಾರವೇ ಕಾರ್ಡಿನಿಂದ ಐವತ್ತು ಸಾವಿರದ ಹತ್ತಿರ ಕೈಗೆ ಬರುತ್ತದೆ. ಮೂರು ತಿಂಗಳಿಗೊಮ್ಮೆಯ ಟ್ಯಾಕ್ಸ್ ಕಟ್ಟಲು ಸಾಲಕ್ಕೆ ಫೈನಾನ್ಸಿನವರ ಬಾಗಿಲಿಗೆ ಹೋಗಿ ಮೂರು ವರ್ಷ ಆಯಿತು.

ಶುರು ಮಾಡುವವರು ಮೊದಲು ನೂರೇ ಕಾರ್ಡ್ ಹಾಕಿಸಿ. ಜೂನ್‌ಗೆ ಮೊದಲು ಒಂದನ್ನು ಬಕೆಟ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ ನೋಡಿ. ಆಲ್ದೂರು ರೂಟಿಗೆ ಕಾರ್ಡ್ ಇನ್ನೂ ಹೊಂದಿಲ್ಲ. ಅಲ್ಲಿ ಸ್ಟೇಜ್ ಜಾಸ್ತಿ, ಸ್ಟೇಜಿಗೊಂದು ರೇಟು. ಹತ್ತಿರಕ್ಕೆ ಒಂದು ಹಲ್ಲು, ದೂರಕ್ಕೆ ಎರಡು ಎಂದು ಕತ್ತರಿಸಿ ನೋಡಿದೆ, ವಸ್ತಾರೆಯವರು ಒಪ್ಪಲಿಲ್ಲ. ಮಳೆ ಮುಗಿದ ಮೇಲೆ ಎರಡು ಬಣ್ಣದ ಕಾರ್ಡ್ ಹಾಕಿಸುತ್ತೇನೆ. ನೋಟ್‌ಬುಕ್ ಹಿಡಿದು ಆ ಬಸ್ಸಿನಲ್ಲೂ ಹನ್ನೆರಡು ದಿನ ಕೂರಬೇಕು.