ಐಸ್‌ಪ್ಯಾಕ್ ಬೆವರಿದರೆ ಸಾಲದು, ಸದ್ದಾಗಬೇಕು

2021ರ ಮಳೆಗಾಲದಲ್ಲಿ ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಿಗೆ (ಕಾರ್ಮಿಕರ ಸಾಲುಮನೆಗಳಿಗೆ) ಕೋವಿಡ್ ಲಸಿಕೆ ಕೋವಿಶೀಲ್ಡ್ ಒಯ್ಯುವಾಗ ನಾವು ಪಾಲಿಸಿದ ಕ್ರಮ ಇದು. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು ಎಂಬುದು ಎಲ್ಲ ದೇಶಕ್ಕೂ ಒಂದೇ. ಆದರೆ ನಮ್ಮಲ್ಲಿ ಅದು ಕೆಡುವುದು ಬಿಸಿಗಿಂತ ಹೆಚ್ಚಾಗಿ ಚಳಿಗೆ.

ಡೀಪ್ ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕನ್ನು ನೇರ ಕ್ಯಾರಿಯರ್‌ಗೆ, ಅಂದರೆ ಲಸಿಕೆ ಒಯ್ಯುವ ತಂಪು ಪೆಟ್ಟಿಗೆಗೆ, ಇಟ್ಟರೆ ಪಕ್ಕದ ವಯಲ್ (ಲಸಿಕೆಯ ಸೀಸೆ) ಹೆಪ್ಪುಗಟ್ಟುತ್ತದೆ, ಹಾಗಾದದ್ದನ್ನು ಬಳಸುವಂತಿಲ್ಲ. ಮೇಲೆ ನೀರಹನಿ ಮೂಡುವವರೆಗೆ, ಅಲ್ಲಾಡಿಸಿದರೆ ಒಳಗೆ ನೀರು ಕೇಳಿಸುವವರೆಗೆ ಹೊರಗಿಡಬೇಕು ಎಂದು ತರಬೇತಿಯಲ್ಲಿ ಹೇಳುತ್ತಾರೆ. ಮಡಿಕೇರಿಯ ಜುಲೈ ಗಾಳಿಯಲ್ಲಿ ತೇವ ಎಷ್ಟೆಂದರೆ ಹನಿ ಬೇಗ ಮೂಡುತ್ತದೆ, ಒಳಗೆ ಮಾತ್ರ ಇನ್ನೂ ಕಲ್ಲು. ಹಾಗಾಗಿ ಕಣ್ಣು ನಂಬಬೇಡಿ, ಕಿವಿ ನಂಬಿ. ಬೆಳಗಿನ ತಂಪಿಗೆ ಪ್ಯಾಕ್ ಕರಗುವುದೂ ನಿಧಾನ. ಜೀಪು ಹೊರಡುವ ಹೊತ್ತಿಗೆ ಸರಿಯಾಗಿ ತೆಗೆದರೆ ಆಗದು, ಬಹಳ ಮುಂಚೆಯೇ ಮೇಜಿನ ಮೇಲೆ ಹರಡಬೇಕು. ಒಂದರ ಮೇಲೊಂದು ಪೇರಿಸಬಾರದು. ಕ್ಯಾರಿಯರ್‌ಗೆ ನಾಲ್ಕು ಪ್ಯಾಕ್, ವಯಲ್‌ಗಳು ಜಿಪ್ ಚೀಲದಲ್ಲಿ. ಇಲ್ಲದಿದ್ದರೆ ಲೇಬಲ್ ನೆನೆದು ಬ್ಯಾಚ್ ನಂಬರು ಅಳಿಸುತ್ತದೆ.

ಗಾಳಿಗೆ ಮರ ಬಿದ್ದು ಕರೆಂಟು ಹೋದಾಗ ಐಎಲ್‌ಆರ್ (ಲಸಿಕೆ ಇಡುವ ಫ್ರಿಜ್) ಮುಚ್ಚಳ ತೆಗೆಯಲೇಬೇಡಿ. ಅದರ ಗೋಡೆಯೊಳಗಿನ ಮಂಜುಗಡ್ಡೆ ತಂಪನ್ನು ಹಿಡಿದಿಡುತ್ತದೆ. ಉಷ್ಣತೆ ತಪ್ಪಿದರೆ ಮೊಬೈಲಿಗೆ ಸಂದೇಶ ಕಳಿಸುವ ಇವಿನ್ ವ್ಯವಸ್ಥೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವಾದ ಯುಎನ್‌ಡಿಪಿ ನೆರವಿನಿಂದ, ಲಸಿಕೆಗಳ ಜಾಗತಿಕ ಒಕ್ಕೂಟ ಗಾವಿಯ ಹಣದಿಂದ ಬಂದದ್ದು. ಒಳ್ಳೆಯದೇ. ಆದರೆ ಕರೆಂಟಿನ ಜೊತೆ ಟವರೂ ಮಲಗಿದರೆ ಸಂದೇಶ ತಡವಾಗುತ್ತದೆ. ದಿನಕ್ಕೆರಡು ಸಲ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯುವುದನ್ನು ಬಿಡಬಾರದು.

ವಯಲ್‌ನಲ್ಲಿ 10 ಡೋಸ್, ತಲಾ 0.5 ಮಿ.ಲೀ. ತೆರೆದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆರು ಗಂಟೆ, ನಮ್ಮ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ನಾಲ್ಕು. ನಾವು ನಾಲ್ಕನ್ನೇ ಹಿಡಿದೆವು. ತೆರೆದ ಸಮಯವನ್ನು ವಯಲ್ ಮೇಲೇ ಬರೆಯುತ್ತಿದ್ದೆವು. ಜನ ಸೇರುವ ಮೊದಲೇ ತೆರೆಯಬಾರದು. ಕೈ ನುರಿತ ಸಿಸ್ಟರ್ ಆದರೆ ಹನ್ನೊಂದನೆಯ ಡೋಸೂ ಸಿಗುತ್ತಿತ್ತು. ಅದು ಪೂರ್ತಿ ಇದ್ದರೆ ಕೊಡಬಹುದು. ಎರಡು ವಯಲ್‌ಗಳ ಉಳಿಕೆಯನ್ನು ಬೆರೆಸಿ ಒಂದು ಡೋಸ್ ಮಾಡುವುದು ಮಾತ್ರ ಖಂಡಿತ ತಪ್ಪು.

ವಿದೇಶಕ್ಕೆ ಹೊರಟವರದ್ದು ಬೇರೆಯೇ ತಲೆನೋವು. ಉಳಿದವರಿಗೆ ಆಗ ಎರಡನೇ ಡೋಸಿಗೆ 84 ದಿನ ಅಂತರವಿದ್ದರೆ, ಓದಿಗೆ, ಕೆಲಸಕ್ಕೆ ಹೊರಟವರಿಗೆ ಜೂನ್ 2021ರ ಆದೇಶದಂತೆ 28 ದಿನ. ಅವರು ಪಾಸ್‌ಪೋರ್ಟನ್ನೇ ಗುರುತಿನ ದಾಖಲೆಯಾಗಿ ಹಾಕಬೇಕಿತ್ತು. ಕೊಡವರ ಹೆಸರು ಇಲ್ಲಿ ಎಡವುತ್ತಿತ್ತು: ಆಧಾರ್‌ನಲ್ಲಿ ಮನೆಹೆಸರು ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ. ಲಸಿಕೆ ನೋಂದಣಿಯ ಸರ್ಕಾರಿ ಜಾಲತಾಣ ಕೋವಿನ್‌ನಲ್ಲಿ ಆಗ ತಿದ್ದಲು ಒಂದೇ ಅವಕಾಶವಿತ್ತು. ಮೊದಲ ಸಲವೇ ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ಟೈಪ್ ಮಾಡಬೇಕಿತ್ತು. ಲಸಿಕೆಯ ಪ್ರಮಾಣಪತ್ರದಲ್ಲಿ ಹುಟ್ಟಿದ ವರ್ಷ ಮಾತ್ರ ಇದ್ದದ್ದೂ ತೊಡಕಾಯಿತು. ಆ ಸೆಪ್ಟೆಂಬರ್‌ನಲ್ಲಿ ವಿದೇಶಕ್ಕೆ ಹೋಗುವವರ ಪತ್ರದಲ್ಲಿ ಪೂರ್ತಿ ಜನ್ಮದಿನಾಂಕ ಸೇರಿಸುವ ವ್ಯವಸ್ಥೆ ಬಂತು.

ಇನ್ನೊಂದು ಕೋವಿಡ್ ಲಸಿಕೆಯಾದ ಕೋವ್ಯಾಕ್ಸಿನ್ ಪಡೆದವರಂತೂ ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಬಳಕೆ ಪಟ್ಟಿಗೆ ಅದು ಸೇರುವ ತನಕ, ಅಂದರೆ 2021ರ ನವೆಂಬರ್ 3ರವರೆಗೆ, ಹಲವು ದೇಶಗಳ ಬಾಗಿಲಲ್ಲಿ ಕಾಯಬೇಕಾಯಿತು. ಅಂಥವರಿಗೆ ಟಿಕೆಟ್ ತೆಗೆಯುವ ಮೊದಲು ಆ ದೇಶದ ಪಟ್ಟಿ ನೋಡಿಕೊಳ್ಳಿ ಎಂದಷ್ಟೇ ಹೇಳುತ್ತಿದ್ದೆವು.