ಹುಸಿ ಧ್ರುವೀಕರಣವನ್ನು ನೆಲದಲ್ಲೇ ಹಿಡಿಯುವುದು ಹೇಗೆ?

ಮಹಾಸ್ಫೋಟದ ಉಳಿಕೆ ಬೆಳಕಾದ ವಿಶ್ವದ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣದ ತಾಪ 2.725 ಕೆಲ್ವಿನ್. ಅದರ ಧ್ರುವೀಕರಣದಲ್ಲಿ, ಅಂದರೆ ಅಲೆಗಳು ಒಂದೇ ದಿಕ್ಕಿಗೆ ಕಂಪಿಸುವುದರಲ್ಲಿ, ಸುಳಿಯಂತೆ ತಿರುಚಿದ ಬಿ-ಮೋಡ್ ವಿನ್ಯಾಸ ತೀರಾ ಕ್ಷೀಣ. ಉಪಕರಣ ತಾನೇ ಹುಟ್ಟಿಸುವ ಹುಸಿ ಸಂಕೇತ ಅದನ್ನು ನುಂಗಿಬಿಡಬಲ್ಲದು. ಜಪಾನ್ ನೇತೃತ್ವದ ಲೈಟ್‌ಬರ್ಡ್‌ನಂಥ ಬಾಹ್ಯಾಕಾಶ ದೂರದರ್ಶಕದ ನೆಲಪರೀಕ್ಷೆ ಮುಖ್ಯವಾಗಿ ಈ ಹುಸಿಯ ಬೇಟೆ.

ಮೊದಲು ಜೋಡಣೆ. ಕೋಣೆಯ ತಾಪದಿಂದ 4 ಕೆಲ್ವಿನ್‌ಗೆ ಇಳಿಯುವಾಗ ಅಲ್ಯೂಮಿನಿಯಂ ಮೀಟರಿಗೆ ಸುಮಾರು 4 ಮಿ.ಮೀ. ಕುಗ್ಗುತ್ತದೆ, ಅರ್ಧತರಂಗ ಫಲಕದ (ಧ್ರುವೀಕರಣದ ದಿಕ್ಕನ್ನು ತಿರುಗಿಸುವ ತಟ್ಟೆ) ಸಫೈರ್ 1 ಮಿ.ಮೀ. ಕೂಡ ಕುಗ್ಗದು. ಬಿಗಿ ಚೌಕಟ್ಟು ಹಾಕಿದರೆ ಫಲಕ ಬಿರುಕು ಬಿಡಬಹುದು. ಸ್ಪ್ರಿಂಗ್ ಹಿಡಿಕೆಯೇ ಸರಿ.

ಕ್ರಯೋಸ್ಟ್ಯಾಟ್‌ನ, ಅಂದರೆ ಉಪಕರಣವನ್ನು ಅತಿ ತಣ್ಣಗಿಡುವ ನಿರ್ವಾತ ಪಾತ್ರೆಯ, ಹೀಲಿಯಂ ಸೋರಿಕೆ ಪರೀಕ್ಷೆಯನ್ನು ತಂಪಾಗಿಸುವ ಮೊದಲೇ ಮುಗಿಸಿ. ಒಳಗೆ ತಣ್ಣಗಾದ ಮೇಲೆ ನುಸುಳಿದ ಗಾಳಿ ಗೋಡೆಗೇ ಹೆಪ್ಪುಗಟ್ಟುವುದರಿಂದ ಒತ್ತಡಮಾಪಕ ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ನಂತರ ಪಲ್ಸ್-ಟ್ಯೂಬ್ ಶೀತಕದಿಂದ 4 ಕೆಲ್ವಿನ್‌ಗೂ, ಹೀಲಿಯಂ ಮಿಶ್ರಣದ ಡೈಲ್ಯೂಷನ್ ಶೀತಕದಿಂದ ಡಿಟೆಕ್ಟರ್‌ಗಳನ್ನು 0.1 ಕೆಲ್ವಿನ್‌ಗೂ ಇಳಿಸಿ.

ಈಗ ಡಿಟೆಕ್ಟರ್‌ಗಳ ಮುಂದೆ ತಣ್ಣನೆಯ ಲೋಹದ ಮುಚ್ಚಳವಿಟ್ಟು ಫಲಕವನ್ನು ತಿರುಗಿಸಿ. ಬೆಳಕೇ ಇಲ್ಲದಿದ್ದರೂ ತಿರುಗುವಿಕೆಗೆ ತಾಳ ಹಾಕುವ ಸಂಕೇತ ಬಂತೇ? ಹಾಗಾದರೆ ತಪ್ಪು ಬೆಳಕಿನದಲ್ಲ. ಬೇರಿಂಗಿನ ಆಯಸ್ಕಾಂತ, ಕಂಪನ ಅಥವಾ ತಾಪದ ಏರಿಳಿತವನ್ನು ಹುಡುಕಿ. ಅತಿವಾಹಕ ಡಿಟೆಕ್ಟರ್‌ಗಳು ಕಾಂತಕ್ಷೇತ್ರಕ್ಕೆ ಬಹಳ ಸೂಕ್ಷ್ಮ. ಅವಸರದಲ್ಲಿ ಜನ ಬಿಟ್ಟುಬಿಡುವುದು ಈ ಹಂತವನ್ನೇ. ಆಮೇಲೆ ಕಾಣುವ ಪ್ರತಿಯೊಂದು ದೋಷದ ಮೂಲವೂ ಅಲ್ಲಿಂದ ಮುಂದೆ ಅನುಮಾನವಾಗಿಯೇ ಉಳಿಯುತ್ತದೆ.

ಮುಚ್ಚಳ ತೆಗೆದು ಕೆಲವು ಕೆಲ್ವಿನ್ ತಾಪದ ಕೃಷ್ಣಕಾಯವನ್ನು (ಬಿದ್ದ ಬೆಳಕನ್ನೆಲ್ಲ ಹೀರಿ, ತನ್ನ ತಾಪಕ್ಕೆ ತಕ್ಕ ವಿಕಿರಣ ಹೊಮ್ಮಿಸುವ ಕಪ್ಪು ವಸ್ತು) ತೋರಿಸಿ. ಕೋಣೆಯ ಬಿಸಿಯನ್ನು ನೇರವಾಗಿ ತೋರಿಸಿದರೆ, ಬಾಹ್ಯಾಕಾಶಕ್ಕೆಂದೇ ಮಾಡಿದ ಡಿಟೆಕ್ಟರ್ ತುಂಬಿ ಕುರುಡಾಗುತ್ತದೆ. ಫಲಕ ಒಂದು ಸುತ್ತು ತಿರುಗಿದರೆ ಧ್ರುವೀಕರಣದ ಸಂಕೇತ ನಾಲ್ಕು ಬಾರಿ ಏರಿಳಿಯುತ್ತದೆ. ನಿಮಿಷಕ್ಕೆ 46 ಸುತ್ತಾದರೆ ಸುಮಾರು 3.1 ಹರ್ಟ್ಜ್. ಕೃಷ್ಣಕಾಯದ ಬೆಳಕು ಧ್ರುವೀಕೃತವಲ್ಲ. ಆದ್ದರಿಂದ ಇಲ್ಲಿ 3.1 ಹರ್ಟ್ಜ್‌ನಲ್ಲಿ ಉಳಿದದ್ದೆಲ್ಲ ಹುಸಿಯೇ. ಸುತ್ತಿಗೆ ಎರಡು ಬಾರಿಯ ಏರಿಳಿತ ಫಲಕದ ಎರಡು ಅಕ್ಷಗಳಲ್ಲಿ ಬೆಳಕು ದಾಟುವ ಅಥವಾ ಹೊಮ್ಮುವ ಪ್ರಮಾಣ ಒಂದೇ ಆಗಿಲ್ಲವೆಂಬ ಸುಳಿವು. ಎರಡನ್ನೂ ಬೇರೆಬೇರೆಯಾಗಿ ಬರೆದಿಡಿ.

ಕೊನೆಗೆ ಕೃಷ್ಣಕಾಯದ ಮುಂದೆ, ಒಂದೇ ದಿಕ್ಕಿನ ಧ್ರುವೀಕರಣವನ್ನಷ್ಟೇ ದಾಟಿಸುವ ತಂತಿಜಾಲ. ಅದನ್ನು ತುಸು ಓರೆಯಾಗಿಡಿ. ನೇರವಾಗಿಟ್ಟರೆ ಪ್ರತಿಫಲಿತ ಅಲೆ ಹಿಂತಿರುಗಿ ಸ್ಥಾಯಿ ಅಲೆ ಏಳುತ್ತದೆ, ಆವರ್ತನ ಬದಲಿಸಿದಂತೆಲ್ಲ ಸಂಕೇತ ತೂಗಾಡುತ್ತದೆ. ಜಾಲವನ್ನು ಹಂತಹಂತವಾಗಿ 180 ಡಿಗ್ರಿ ತಿರುಗಿಸಿ, ಪ್ರತಿ ಡಿಟೆಕ್ಟರ್‌ನ ಕೋನವನ್ನು ಲೆಕ್ಕಹಾಕಿ. ಇಲ್ಲಿ 1 ಡಿಗ್ರಿ ತಪ್ಪಿದರೂ ಸುಳಿಯಿಲ್ಲದ, ಬಲಿಷ್ಠ ಇ-ಮೋಡ್ ವಿನ್ಯಾಸದ ಶಕ್ತಿಯ ಸುಮಾರು 0.12 ಶೇಕಡಾ ಬಿ-ಮೋಡ್ ವೇಷದಲ್ಲಿ ನುಸುಳುತ್ತದೆ. ತಪ್ಪನ್ನು ಹತ್ತು ಪಾಲು ತಗ್ಗಿಸಿದರೆ ಸೋರಿಕೆ ನೂರು ಪಾಲು ತಗ್ಗುತ್ತದೆ. ಬಿಸಿ ಮಾಡಿ ಮತ್ತೆ ತಂಪಾಗಿಸಿದ ಮೇಲೂ ಅದೇ ಕೋನ ಬರಬೇಕು. ಬರದಿದ್ದರೆ ಹಿಡಿಕೆ ಜಾರಿದೆ ಎಂದರ್ಥ, ಕ್ರಯೋಸ್ಟ್ಯಾಟ್ ಬಿಚ್ಚದೆ ಗತಿಯಿಲ್ಲ.