ಗೋಡೆ ಮೇಲಿದ್ದ ನೀತಿ ಸಂಹಿತೆ ಡ್ರಾಯಿಂಗಿಗೆ ಇಳಿದದ್ದು ಹೇಗೆ: ನನ್ನ ಅನುಭವ

ನಾವು ಉಕ್ಕಿನ ಕಟ್ಟಡಗಳ ವಿನ್ಯಾಸ ಮಾಡುವವರು. ಡ್ರಾಯಿಂಗ್ ಮೇಲೆ ಕೊನೆಯ ಸಹಿ ನನ್ನದು. ಅನುಮಾನ ಬಂದವರು ಯಾರೇ ಆಗಿರಲಿ, ಡ್ರಾಯಿಂಗ್ ತಡೆಹಿಡಿಯಬಹುದು, ಹಾಗೆ ತಡೆದರೆ ಆಗುವ ಖರ್ಚು ಒಪ್ಪಂದದಲ್ಲೇ ಇರಬೇಕು ಅಂತ ನಾನು ಹೇಳಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ‘ಕ್ಲೈಂಟ್ ಬೇರೆ ಕಡೆ ಹೋಗ್ತಾನೆ’ ಅಂದರು ಕೆಲವರು. ‘ಹುಡುಗರು ಸಿಕ್ಕಿದ್ದನ್ನೆಲ್ಲ ನಿಲ್ಲಿಸ್ತಾರೆ’ ಅಂದರು ಇನ್ನು ಕೆಲವರು. ಈಗ ನಾಲ್ಕೈದು ವರ್ಷ ಕಳೆದಿದೆ. ಪದ್ಧತಿ ಬೇರು ಬಿಟ್ಟಿದೆ, ಆಫೀಸೂ ಚೆನ್ನಾಗಿ ನಡೆಯುತ್ತಿದೆ. ಆಗ ಬೇಡ ಅಂದವರಲ್ಲೇ ಇಬ್ಬರು ಮೂವರು ನಮ್ಮ ತಡೆ ಹಾಳೆಯ (ಡ್ರಾಯಿಂಗ್ ತಡೆಯಲು ನಾವು ಬಳಸುವ ಒಂದು ಪುಟ) ನಕಲು ಕೇಳಿ ತಗೊಂಡು ಹೋಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಂಜಿನಿಯರುಗಳ ನೀತಿ ಸಂಹಿತೆಯಲ್ಲಿ ಏನಿದೆ ಅಂತ ನಿಮಗೆ ಹೇಳಬೇಕಿಲ್ಲ. ಜನರ ಸುರಕ್ಷತೆ, ಆರೋಗ್ಯ, ಹಿತ ಎಲ್ಲಕ್ಕಿಂತ ಮೇಲೆ. ಗೊತ್ತಿರುವ ಕೆಲಸ ಮಾತ್ರ ಹಿಡಿಯಬೇಕು. ಕ್ಲೈಂಟಿನ ನಂಬಿಕೆ ಉಳಿಸಿಕೊಳ್ಳಬೇಕು. ಮೊದಲನೆಯದೂ ಮೂರನೆಯದೂ ಒಂದೇ ದಿನ ಎದುರುಬದುರಾದಾಗ ತೊಂದರೆ. ಹಿರಿಯರಲ್ಲಿ ಅನೇಕರ ಕೈ ತಾನಾಗಿ ಮೂರನೆಯದರ ಕಡೆಗೆ ಹೋಗುತ್ತದೆ. ಅದಕ್ಕೆ ಹಳೆಯ ಬೇರಿದೆ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ 1914ರಲ್ಲಿ ಒಪ್ಪಿಕೊಂಡ ಸಂಹಿತೆ ಮುಖ್ಯವಾಗಿ ಹೇಳಿದ್ದು ಕ್ಲೈಂಟ್ ಜೊತೆ, ಸಹೋದ್ಯೋಗಿಗಳ ಜೊತೆ ಹೇಗಿರಬೇಕು ಅಂತ. ಜನರ ಸುರಕ್ಷತೆಗೆ ಮೊದಲ ಜಾಗ ಸಿಗಲು ಎಷ್ಟೋ ದಶಕ ಬೇಕಾಯಿತು.

ಮೊದಲು ಏನೇನು ಕೈಕೊಟ್ಟಿತು ಅಂತ ಹೇಳುತ್ತೇನೆ. ನನಗಿಂತ ಮೊದಲೇ ಆಫೀಸಿನಲ್ಲಿ ಸಂಹಿತೆಗೆ ಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದರು. ಯಾರೂ ಓದುತ್ತಿರಲಿಲ್ಲ. ಆಮೇಲೆ ತರಬೇತಿ ನಡೆಸಿದೆವು. ಹೊರಗಿನವರನ್ನು ಕರೆಸಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದ ಮೇಲೆ ಉಪನ್ಯಾಸ ಮಾಡಿಸಿದೆವು. ಎಲ್ಲರೂ ತಲೆದೂಗಿದರು, ಕೆಲವರ ಕಣ್ಣೂ ಒದ್ದೆಯಾಯಿತು. ಮಾರನೇ ದಿನ ಶಾಪ್ ಡ್ರಾಯಿಂಗುಗಳ, ಅಂದರೆ ಉಕ್ಕು ಕತ್ತರಿಸಿ ಜೋಡಿಸುವ ಫ್ಯಾಬ್ರಿಕೇಟರ್ ತಯಾರಿಸುವ ವಿವರ ಚಿತ್ರಗಳ, ಕಟ್ಟು ಬಂತು, ಎಂದಿನಂತೆ ಸರಸರನೆ ಸೀಲು ಬಿತ್ತು. ಆ ವರ್ಷ ಬಂದ ಫೀಸಿನಲ್ಲಿ ಹತ್ತಿರ ಹತ್ತಿರ ನೂರಕ್ಕೆ ಒಂದರಷ್ಟು ಈ ತರಬೇತಿಗೇ ಹೋಯಿತು. ಕೆಲಸದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

ಹೆಸರಿಲ್ಲದೆ ಚೀಟಿ ಹಾಕುವ ಪೆಟ್ಟಿಗೆ ಇಟ್ಟೆವು. ಇದಂತೂ ಪೂರ್ತಿ ದಂಡ. ‘ಆ ಶೆಡ್ಡಿನ ಬ್ರೇಸಿಂಗ್ ಸರಿ ಕಾಣ್ತಿಲ್ಲ’ ಅಂತ ಒಂದು ಚೀಟಿ ಬಂತು (ಬ್ರೇಸಿಂಗ್ ಅಂದರೆ ಕಟ್ಟಡ ಅಲುಗಾಡದಂತೆ ಹಿಡಿಯುವ ಓರೆ ಪಟ್ಟಿಗಳು). ಯಾವ ಶೆಡ್ಡು, ಯಾವ ಬ್ರೇಸಿಂಗ್? ಕೇಳೋಣ ಅಂದರೆ ಬರೆದವರು ಯಾರು ಅಂತ ಗೊತ್ತಿಲ್ಲ. ಒಂದು ವಾರ ನಾಲ್ಕು ಜನ ಹಳೇ ಫೈಲುಗಳನ್ನು ತಡಕಿದರು. ಡ್ರಾಯಿಂಗ್ ನಂಬರಿಲ್ಲದ ಅನುಮಾನಕ್ಕೆ ಉತ್ತರ ಹುಡುಕಲು ಆಗುವುದಿಲ್ಲ.

ದಾರಿ ಸಿಕ್ಕಿದ್ದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲಿನ ಪ್ರಕರಣವನ್ನು ಕಥೆಯಾಗಿ ಕೇಳುವುದು ಬಿಟ್ಟು, ಜೋಡಣೆಯ ಚಿತ್ರವನ್ನೇ ಮೇಜಿನ ಮೇಲೆ ಹರಡಿಕೊಂಡು ಕೂತಾಗ. 1981ರ ಜುಲೈ 17ರಂದು ಅಲ್ಲಿ ತೂಗುಹಾಕಿದ್ದ ಎರಡು ನಡೆದಾರಿಗಳು ಕುಸಿದು 114 ಜನ ಸತ್ತರು. ಮೂಲ ವಿನ್ಯಾಸದಲ್ಲಿ ಛಾವಣಿಯಿಂದ ಇಳಿದ ಒಂದೇ ಉದ್ದದ ರಾಡು ನಾಲ್ಕನೇ ಮಹಡಿಯ ದಾರಿಯನ್ನೂ ಎರಡನೇ ಮಹಡಿಯ ದಾರಿಯನ್ನೂ ಹೊರಬೇಕಿತ್ತು. ಅಷ್ಟುದ್ದ ನಟ್ ತಿರುಗಿಸುವ ಥ್ರೆಡ್ ಹಾಕುವುದು, ಅದು ಹಾಳಾಗದಂತೆ ಸೈಟಿನಲ್ಲಿ ಕೂರಿಸುವುದು ಕಷ್ಟ ಅಂತ ರಾಡನ್ನು ಎರಡು ಮಾಡಿದರು. ಮೇಲಿನ ರಾಡು ನಾಲ್ಕನೇ ಮಹಡಿಯ ತೊಲೆಗೆ. ಕೆಳಗಿನ ರಾಡು ಅದೇ ತೊಲೆಯಿಂದ ಎರಡನೇ ಮಹಡಿಗೆ. ಚಿತ್ರದಲ್ಲಿ ನೋಡಿದರೆ ರಾಡು ಸ್ವಲ್ಪ ಪಕ್ಕಕ್ಕೆ ಸರಿದಂತೆ ಕಾಣುತ್ತದೆ, ಅಷ್ಟೇ. ಆದರೆ ನಾಲ್ಕನೇ ಮಹಡಿಯ ತೊಲೆಯ ಅಡಿಯಲ್ಲಿರುವ ಆ ನಟ್ ಮೇಲೆ ಈಗ ಎರಡೂ ದಾರಿಗಳ ಭಾರ. ಅಂದರೆ ದುಪ್ಪಟ್ಟು. ಮೂಲ ವಿನ್ಯಾಸವೇ ಅಲ್ಲಿನ ಕಟ್ಟಡ ನಿಯಮ ಕೇಳುವ ಶಕ್ತಿಯ ನೂರಕ್ಕೆ 60ರಷ್ಟು ಮಾತ್ರ ತಡೆಯುತ್ತಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು.

ಆ ಬದಲಾವಣೆಗೆ ಲೆಕ್ಕ ಯಾರು ಹಾಕಿದರು? ವಿನ್ಯಾಸದವರು ಫ್ಯಾಬ್ರಿಕೇಟರ್ ಕಡೆ ಕೈ ತೋರಿಸಿದರು, ಫ್ಯಾಬ್ರಿಕೇಟರ್ ವಿನ್ಯಾಸದವರ ಕಡೆ. ಶಾಪ್ ಡ್ರಾಯಿಂಗ್ ಮೇಲೆ ವಿನ್ಯಾಸದವರ ಸೀಲಂತೂ ಬಿದ್ದಿತ್ತು. ಕೊನೆಗೆ ಹೊಣೆಗಾರರು ಅಂತ ತೀರ್ಮಾನವಾಗಿ ಇಬ್ಬರು ಎಂಜಿನಿಯರುಗಳ ಮಿಸ್ಸೌರಿ ರಾಜ್ಯದ ಲೈಸೆನ್ಸ್ ಹೋಯಿತು. ಚಿತ್ರ ನೋಡುತ್ತಾ ನಮ್ಮ ಕಿರಿಯ ಎಂಜಿನಿಯರ್ ಒಬ್ಬಳು, ‘ಸರ್, ಇದು ನಮ್ಮಲ್ಲಿ ಬಂದಿದ್ರೂ ಪಾಸಾಗ್ತಿತ್ತು ಅಲ್ವಾ’ ಅಂದಳು. ಆಗುತ್ತಿತ್ತು. ನಮ್ಮ ಚೆಕ್‌ಲಿಸ್ಟಿನಲ್ಲಿ ಅಳತೆ, ವೆಲ್ಡು, ಬೋಲ್ಟು ಎಲ್ಲ ಇತ್ತು. ಬದಲಾದ ಮೇಲೆ ಭಾರ ಯಾವ ದಾರಿ ಹಿಡಿಯುತ್ತದೆ ಅಂತ ಕೇಳುವ ಸಾಲು ಇರಲಿಲ್ಲ.

ಹೀಗೆ ತಡೆ ಹಾಳೆ ಹುಟ್ಟಿತು. ಒಂದೇ ಪುಟ. ಯಾವುದೇ ರಿವಿಷನ್ ಬಂದರೂ ಇದು ಜೊತೆಗಿರಬೇಕು. ಬದಲಾವಣೆಯ ನಂತರ ಭಾರ ಹೇಗೆ ಇಳಿಯುತ್ತದೆ ಅಂತ ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಬೇಕು, ಪ್ರಿಂಟ್ ನಡೆಯುವುದಿಲ್ಲ. ಲೆಕ್ಕ ಹಾಕಿದವರ ಹೆಸರು ಬೇಕು, ವಿಭಾಗದ ಹೆಸರು ಬರೆದರೆ ಹಾಳೆ ವಾಪಸ್. ಇದು ಕೈಕೊಟ್ಟರೆ ಕೆಳಗೆ ಯಾರಿರುತ್ತಾರೆ ಅಂತ ಒಂದು ಸಾಲು. ಇನ್ನೊಂದು ಪ್ರಶ್ನೆಯಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಉತ್ತರ ಮೊದಲೇ ಬಾಯಿಪಾಠ ಆದರೆ ಅದರ ಹರಿತ ಹೋಗುತ್ತದೆ. ಹಾಳೆಯ ಕೆಳಗೆ ‘ತಡೆ’ ಅನ್ನುವ ಚೌಕ. ಅದಕ್ಕೆ ಗುರುತು ಹಾಕಿ ಸಹಿ ಮಾಡಿದರೆ ಡ್ರಾಯಿಂಗ್ ಅಲ್ಲಿಗೇ ನಿಲ್ಲುತ್ತದೆ. ನಿನ್ನೆ ಸೇರಿದ ಟ್ರೈನಿಗೂ ಈ ಹಕ್ಕಿದೆ.

ಎರಡು ನಿಯಮ ಮಾತ್ರ ಬಿಗಿ.

ಒಂದು, ರುಜುವಾತಿನ ಹೊರೆ ತಡೆದವರ ಮೇಲೆ ಬೀಳಬಾರದು. 1986ರ ಜನವರಿ 27ರ ರಾತ್ರಿ, ಚಾಲೆಂಜರ್ ನೌಕೆಯ ರಾಕೆಟ್ ತಯಾರಿಸಿದ್ದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರುಗಳು ಚಳಿ ಜಾಸ್ತಿ, ರಾಕೆಟ್ಟಿನ ಜೋಡಣೆಯನ್ನು ಮುಚ್ಚುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಸರಿಯಾಗಿ ಕೂರುವುದಿಲ್ಲ, ಹಾರಿಸಬೇಡಿ ಅಂದಿದ್ದರು. ಅವರಲ್ಲಿ ರೋಜರ್ ಬೋಯಿಸ್ಜೋಲಿ ಹಿಂದಿನ ವರ್ಷವೇ ಇದರ ಬಗ್ಗೆ ಲಿಖಿತ ಎಚ್ಚರಿಕೆ ಕೊಟ್ಟಿದ್ದರು. ಆ ರಾತ್ರಿಯ ಫೋನ್ ಸಭೆಯಲ್ಲಿ ಪ್ರಶ್ನೆಯೇ ತಿರುಗಿಹೋಯಿತು. ಸುರಕ್ಷಿತ ಅಂತ ತೋರಿಸಬೇಕಾದವರು ಸುಮ್ಮನಿದ್ದರು, ಅಪಾಯ ಅಂತ ಸಾಬೀತು ಮಾಡಿ ಅಂತ ಎಂಜಿನಿಯರುಗಳನ್ನು ಕೇಳಲಾಯಿತು. ಮಾರನೇ ಬೆಳಿಗ್ಗೆ ಏಳು ಜನ ಸತ್ತರು. ನಮ್ಮಲ್ಲಿ ತಡೆದವರು ‘ನನಗೆ ಅನುಮಾನ’ ಅಂದರೆ ಸಾಕು. ಪಾಸ್ ಮಾಡಬೇಕು ಅನ್ನುವವರೇ ಲೆಕ್ಕ ತಂದು ತೋರಿಸಬೇಕು.

ಎರಡು, ತಡೆಯ ಸುದ್ದಿ ಮೊದಲು ಸೈಟಿಗೆ, ಆಮೇಲೆ ಮೇಲಿನವರಿಗೆ. ಇದು ಕೆನಡಾದಲ್ಲಿ ಕಟ್ಟುತ್ತಿರುವಾಗಲೇ ಬಿದ್ದ ಕ್ವಿಬೆಕ್ ಸೇತುವೆ ಕಲಿಸಿದ ಪಾಠ. ಅಲ್ಲಿ ಕೆಳಗಿನ ಉಕ್ಕಿನ ಭಾಗಗಳು ಬಾಗುತ್ತಿದ್ದದ್ದನ್ನು ಸೈಟಿನ ಎಂಜಿನಿಯರ್ ಮೆಕ್ಲೂರ್ ಅಳೆದು, ಸಲಹೆಗಾರ ಥಿಯೊಡೋರ್ ಕೂಪರ್ ಅವರನ್ನು ನೋಡಲು ನ್ಯೂಯಾರ್ಕಿಗೆ ಹೋದರು. ಇನ್ನು ಭಾರ ಹೇರಬೇಡಿ ಅಂತ ಕೂಪರ್ ತಂತಿ ಕಳಿಸಿದ್ದು ಅಮೆರಿಕದ ಫೀನಿಕ್ಸ್‌ವಿಲ್‌ನಲ್ಲಿದ್ದ, ಸೇತುವೆ ಕಟ್ಟುತ್ತಿದ್ದ ಉಕ್ಕಿನ ಕಂಪನಿಗೆ. ಕ್ವಿಬೆಕ್‌ಗೆ ಕಳಿಸಲಿಲ್ಲ. ಕೆಲಸ ನಡೆದೇ ಇತ್ತು. 1907ರ ಆಗಸ್ಟ್ 29ರ ಆ ಸಂಜೆಯೇ ಸೇತುವೆ ಬಿತ್ತು, 75 ಜನ ಸತ್ತರು. ಅನುಮಾನ ಸರಿಯಾಗಿತ್ತು, ತಂತಿಯ ವಿಳಾಸ ಬೇರೆ ಇತ್ತು. ಅದಕ್ಕೇ ನಮ್ಮ ಹಾಳೆಯ ಮೇಲೆ ಸೈಟಿನಲ್ಲಿ ಸ್ಪ್ಯಾನರ್ ಹಿಡಿಯುವ ತಂಡದ ಮುಖ್ಯಸ್ಥರ ಫೋನ್ ನಂಬರ್ ದಪ್ಪ ಅಕ್ಷರದಲ್ಲಿ ಇರುತ್ತದೆ.

ಈಗ ದುಡ್ಡಿನ ಮಾತು. ಇದನ್ನು ಬಿಟ್ಟು ನೀತಿಯ ಬಗ್ಗೆ ಎಷ್ಟು ಮಾತಾಡಿದರೂ ಗಾಳಿಗೆ ಗುದ್ದಿದ ಹಾಗೆ. ಒಂದು ದಿನ ನಿಲ್ಲಿಸಿದರೆ ಯಾರ ಜೇಬಿಗೆ ಕತ್ತರಿ ಅಂತ ಗೊತ್ತಿಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ಡಿಸೈನ್ ಫೀಸಿನ ನೂರಕ್ಕೆ ಒಂದೂವರೆಯಷ್ಟನ್ನು ‘ತಡೆ ಹಣ’ ಅಂತ ಪ್ರತ್ಯೇಕ ಸಾಲಿನಲ್ಲಿ ಹಾಕಿದೆವು. ಖರ್ಚಾಗದೆ ಉಳಿದದ್ದು ಕ್ಲೈಂಟಿಗೆ ವಾಪಸ್. ಎರಡು ಕೆಲಸದ ದಿನದೊಳಗೆ ಬಗೆಹರಿದ ತಡೆಗೆ ದಂಡ ಇಲ್ಲ ಅಂತ ಒಪ್ಪಂದದಲ್ಲಿ ಬರೆಸಿದೆವು. ಒಬ್ಬ ದೊಡ್ಡ ಕ್ಲೈಂಟ್ ಇದನ್ನು ಒಪ್ಪದೆ ಬಿಟ್ಟುಹೋದರು. ಅವರದು ವರ್ಷದ ಆದಾಯದಲ್ಲಿ ಹತ್ತರಲ್ಲಿ ಒಂದು ಪಾಲು. ಆ ವರ್ಷ ಹೊಸಬರನ್ನು ತಗೊಳ್ಳಲಿಲ್ಲ, ನಾನೂ ಪಾಲುದಾರರೂ ಲಾಭ ಮುಟ್ಟಲಿಲ್ಲ. ಉಳಿದವರು ಗೊಣಗುತ್ತಲೇ ಸಹಿ ಹಾಕಿದರು. ಮೊದಲ ವರ್ಷ ತಡೆ ಹಣದ ಮುಕ್ಕಾಲು ಖರ್ಚಾಯಿತು, ಈಗ ಅರ್ಧವೂ ಆಗುವುದಿಲ್ಲ. ಆ ಸಾಲು ಕ್ಲೈಂಟಿಗೆ ಒಪ್ಪಿಗೆಯಾಗುವಂತೆ ಹೇಗೆ ಬರೆಯುತ್ತೇವೆ ಅನ್ನುವುದನ್ನು ಮಾತ್ರ ನಾನು ಹಂಚಿಕೊಳ್ಳುವುದಿಲ್ಲ. ಅದಕ್ಕೆ ಬೆಲೆ ಕೊಟ್ಟು ಕಲಿತಿದ್ದೇನೆ.

ವರ್ಷಕ್ಕೆ ಅಂದಾಜು ನಲವತ್ತು ತಡೆ ಬರುತ್ತವೆ. ಮೂವತ್ತರಷ್ಟು ಅರ್ಧ ಗಂಟೆಯಲ್ಲಿ ತೀರುತ್ತವೆ, ಏನೂ ಇರುವುದಿಲ್ಲ. ಏಳೆಂಟರಲ್ಲಿ ಸಣ್ಣ ತಿದ್ದುಪಡಿ. ಎರಡೋ ಮೂರೋ ನಿಜವಾದವು. ಆ ಎರಡು ಮೂರಕ್ಕಾಗಿಯೇ ಉಳಿದ ಮೂವತ್ತನ್ನು ಗೌರವದಿಂದ ನೋಡಬೇಕು ಅನ್ನುವುದರಲ್ಲಿ ನಾನು ಹಟಮಾರಿ. ‘ಇಷ್ಟಕ್ಕೆಲ್ಲ ತಡೀತಾರಾ’ ಅಂತ ಯಾರಾದರೂ ಅಂದರೆ ಅಲ್ಲೇ ಕರೆದು ಮಾತಾಡುತ್ತೇನೆ.

ನಿಜವಾದದ್ದೊಂದು ಹೇಳುತ್ತೇನೆ. ಪೈಪುಗಳನ್ನು ಹೊರುವ ಉಕ್ಕಿನ ಚೌಕಟ್ಟು, ಅಂದರೆ ಒಂದು ಪೈಪ್ ರ‍್ಯಾಕ್. ತೊಲೆಯ ತುಂಡುಗಳು ಲಾರಿಗೆ ಉದ್ದವಾಗುತ್ತವೆ, ಸ್ಪ್ಲೈಸನ್ನು (ಎರಡು ತುಂಡು ಸೇರುವ ಜೋಡಣೆ) ಒಂದೂವರೆ ಮೀಟರ್ ಸರಿಸುತ್ತೇವೆ ಅಂತ ಫ್ಯಾಬ್ರಿಕೇಟರ್ ಕೇಳಿದ. ಪ್ಲೇಟೂ ಅದೇ, ಬೋಲ್ಟೂ ಅದೇ. ಇಬ್ಬರು ಹಿರಿಯರು ಸರಿ ಅಂದಿದ್ದರು. ಹಾಳೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಬೇಕಾದ ಹುಡುಗ ಅಲ್ಲಿ ಸಿಕ್ಕಿಕೊಂಡ. ಮೊದಲಿದ್ದ ಜಾಗದಲ್ಲಿ ಬಾಗುವ ಒತ್ತಡ ಹತ್ತಿರ ಹತ್ತಿರ ಸೊನ್ನೆ. ಅದಕ್ಕೇ ಅಲ್ಲಿ ಹಗುರ ಜೋಡಣೆ ಕೊಟ್ಟಿದ್ದೆವು. ಹೊಸ ಜಾಗ ತೊಲೆಯ ನಡುವಿಗೆ ಹತ್ತಿರ, ಒತ್ತಡ ಏರುವ ಕಡೆ. ತಡೆ ಬಿತ್ತು. ಎರಡು ದಿನ ಹೋಯಿತು. ಪ್ಲೇಟು 12 ಮಿ.ಮೀ. ಇದ್ದದ್ದು 20 ಆಯಿತು, ಬೋಲ್ಟುಗಳು ಎಂಟರಿಂದ ಹದಿನಾರು. ಹೆಚ್ಚುವರಿ ಉಕ್ಕಿನ ಖರ್ಚು ಕ್ಲೈಂಟ್ ಗಮನಕ್ಕೂ ಬರದಷ್ಟು ಸಣ್ಣದು. ಆ ರ‍್ಯಾಕ್ ಕೆಳಗೆ ಪಾಳಿ ಬದಲಾಗುವಾಗ ನೂರಾರು ಜನ ನಡೆದು ಹೋಗುತ್ತಾರೆ.

ಬೇರೆ ಪ್ರಯೋಗಗಳೂ ನಡೆದವು. ಪರಿಶೀಲನಾ ಸಭೆಯಲ್ಲಿ ಅತಿ ಕಿರಿಯರು ಮೊದಲು ಮಾತಾಡಬೇಕು ಅಂತ ಮಾಡಿದೆವು. ನನ್ನ ಅಭಿಪ್ರಾಯ ಮೊದಲು ಬಂದರೆ ಉಳಿದವರದು ಅದರ ಹಿಂದೆಯೇ ಬರುತ್ತದೆ. ಇದು ತುಂಬಾ ಫಲ ಕೊಟ್ಟಿತು, ಖರ್ಚೂ ಇಲ್ಲ. ತಡೆದವರಿಗೆ ಬಹುಮಾನ ಕೊಟ್ಟು ನೋಡಿದೆವು, ತಿಂಗಳಲ್ಲೇ ನಿಲ್ಲಿಸಿದೆವು. ಬೇಡದ ತಡೆಗಳು ಜಾಸ್ತಿಯಾದವು, ನಿಜವಾದವು ಅಷ್ಟೇ ಉಳಿದವು.

ಶುಕ್ರವಾರ ಒಂದು ಗಂಟೆ ಹಳೇ ಪ್ರಕರಣಗಳ ಓದು ಇಟ್ಟೆವು. ನ್ಯೂಯಾರ್ಕಿನ ಸಿಟಿಕಾರ್ಪ್ ಕಟ್ಟಡದ ಬಗ್ಗೆ ಜಗಳ ವಾರಗಟ್ಟಲೆ ನಡೆಯಿತು. ಮೂಲೆಯಿಂದ ಬೀಸುವ ಗಾಳಿಗೆ, ವೆಲ್ಡ್ ಬದಲು ಬೋಲ್ಟ್ ಹಾಕಿದ ಜೋಡಣೆಗಳು ಸಾಲವು ಅಂತ 1978ರಲ್ಲಿ ಅದರ ವಿನ್ಯಾಸದ ಎಂಜಿನಿಯರ್ ವಿಲಿಯಂ ಲೆಮೆಷುರಿಯರ್ ಅವರಿಗೆ ಗೊತ್ತಾಯಿತು. ಮುಚ್ಚಿಡದೆ ಮಾಲೀಕರಿಗೆ ಹೇಳಿದರು. ರಾತ್ರಿ ಹೊತ್ತು ವೆಲ್ಡಿಂಗ್ ಮಾಡಿಸಿ ಸರಿಪಡಿಸಿದರು. ಆದರೆ ಪೂರ್ತಿ ವಿಷಯ ಜನರಿಗೆ ತಿಳಿದದ್ದು 1995ರಲ್ಲಿ. ನಮ್ಮಲ್ಲಿ ಅರ್ಧ ಜನ ಅವರನ್ನು ಆದರ್ಶ ಅನ್ನುತ್ತಾರೆ. ದುರಸ್ತಿ ಮಾಡಿಸಿದ್ದು ದೊಡ್ಡ ಧೈರ್ಯ, ಒಪ್ಪುತ್ತೇನೆ. ಸುತ್ತಮುತ್ತಲಿನವರಿಗೆ ಹೇಳದಿದ್ದದ್ದನ್ನು ನಾನು ಒಪ್ಪುವುದಿಲ್ಲ. ಅಪಾಯ ಇರುವುದು ಅವರ ತಲೆ ಮೇಲೆ, ಅದನ್ನು ತಿಳಿಯುವ ಹಕ್ಕು ಅವರಿಗಿದೆ. ಈ ಜಗಳದ ನಂತರ ಹಾಳೆಯಲ್ಲಿ ಒಂದು ಸಾಲು ಸೇರಿತು: ಯಾರಿಗೆ ತಿಳಿಸಬೇಕು, ಎಷ್ಟು ಹೊತ್ತಿನೊಳಗೆ.

ಈಗ ತಡೆಯುವ ಹಕ್ಕನ್ನು ಸೈಟಿನ ವೆಲ್ಡರುಗಳಿಗೂ ಕೊಡಲು ಹೊರಟಿದ್ದೇವೆ. ಹಾಳೆ ಬರೆಯಲು ಅವರಿಗೆ ಹೊತ್ತಿಲ್ಲ, ಹಾಗಾಗಿ ಫೋಟೋ ಮತ್ತು ಜೋಡಣೆಯ ನಂಬರ್ ಕಳಿಸಿದರೆ ಸಾಕು ಅಂತ ಮಾಡಿದ್ದೇವೆ. ಇಲ್ಲಿ ಬಗೆಹರಿಯದ್ದು ಕ್ರೇನ್ ಬಾಡಿಗೆ. ಡ್ರಾಯಿಂಗ್ ನಿಂತರೆ ಆಗುವ ಖರ್ಚು ಸಣ್ಣದು, ಕ್ರೇನ್ ನಿಂತರೆ ಒಂದೇ ದಿನದಲ್ಲಿ ಆ ಕೆಲಸದ ತಡೆ ಹಣ ಪೂರ್ತಿ ಮುಗಿಯುತ್ತದೆ. ಅದರ ಪಾಲನ್ನು ನಾವು, ಫ್ಯಾಬ್ರಿಕೇಟರ್, ಕ್ಲೈಂಟ್ ಮೂವರೂ ಹೊರುವ ಹಾಗೆ ಒಪ್ಪಂದದ ಕರಡು ಒಂದು ತಯಾರಾಗಿದೆ. ಫ್ಯಾಬ್ರಿಕೇಟರ್ ಒಪ್ಪಿದ್ದಾನೆ, ಕ್ಲೈಂಟಿನ ವಕೀಲರು ಇನ್ನೂ ಓದುತ್ತಿದ್ದಾರೆ.